ದೋಣಿಯವನ ಕೆನ್ನೆ

ದೇಸಾಯರ ಸಿನಿಮಾ ಅಫಜಲಪುರದ ಟಾಕೀಜಿಗೆ ಬಂದ ದಿನ ಹೊಳೆದಂಡೆಯ ಆ ಊರಿನಿಂದ ಮೂರು ಕ್ರೂಸರ್ ಗಾಡಿ ಹೊರಟವು. ಗಾಡಿ ಕಳಿಸಿದವರು ದೇಸಾಯರ ಮಗ, ಈಗಿನ ಶಾಸಕರು. ಟಿಕೇಟು ಅವರದು, ಮಧ್ಯಾಹ್ನದ ಊಟವೂ ಅವರದೇ. ಅಮೃತರಾವ ದೇಸಾಯರು ನಾಲ್ಕು ಸಲ ಗೆದ್ದು, ಒಮ್ಮೆ ಮಂತ್ರಿಯಾಗಿ, ಆರು ವರ್ಷದ ಹಿಂದೆ ತೀರಿಕೊಂಡಿದ್ದರು. ಅವರ ಜೀವನಚರಿತ್ರೆ ಪರದೆಯ ಮೇಲೆ ಬಂದಿದೆ, ಅದರಲ್ಲಿ ನಮ್ಮೂರಿನ ನೆರೆಯೂ ಇದೆ ಎಂದ ಮೇಲೆ ಮನೆಯಲ್ಲಿ ಕೂರುವವರು ಯಾರು? ಊರಿನ ಹಿರಿಯ, ದೊಡ್ಡಪ್ಪ ಎಂಬ ಹೆಸರಿನವನು, ಒಗೆದ ಧೋತರ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ಹೆಂಡತಿ ಕಸ್ತೂರಿಬಾಯಿಯನ್ನು ಕರೆದುಕೊಂಡು ಮೊದಲ ಗಾಡಿಯಲ್ಲೇ ಕೂತ. ಜೇವರ್ಗಿಗೆ ಕೊಟ್ಟ ಮಗಳು ಸುನಿತಾ ಅಲ್ಲಿಂದ ಬಸ್ಸು ಹಿಡಿದು ನೇರ ಟಾಕೀಜಿಗೆ ಬಂದಿದ್ದಳು. ನೆರೆ ಬಂದಾಗ ಅವಳಿಗೆ ಆರು ವರ್ಷ.

ಆ ವರ್ಷ ಮೇಲಿನ ಆಣೆಕಟ್ಟಿನಿಂದ ನೀರು ಬಿಟ್ಟಿದ್ದರು. ಬೆಳಗಾಗುವುದರೊಳಗೆ ಭೀಮೆ ಊರನ್ನು ಎರಡೂ ಕಡೆಯಿಂದ ಹಿಡಿದಳು. ಚಾವಡಿಯ ಮಾಳಿಗೆ ಏರಿದವರು ಮೂವತ್ತೆರಡು ಜನ. ಅವರಲ್ಲಿ ದೊಡ್ಡಪ್ಪನ ಸಂಸಾರವೂ ಇತ್ತು. ಸೇತುವೆ ಆಗುವ ಮುಂಚೆ ಊರವರನ್ನು ಆಚೆ ದಂಡೆಗೆ ಮುಟ್ಟಿಸುತ್ತಿದ್ದವನು ಯಾಸೀನ. ಅವತ್ತು ಅವನು ತನ್ನ ದೋಣಿಯನ್ನು ಚಾವಡಿಗೆ ಹನ್ನೊಂದು ಸಲ ತಂದ. ಒಂಬತ್ತನೇ ಸಲಕ್ಕೆ ತೇಲಿಬಂದ ಜಾಲಿಯ ಬೊಡ್ಡೆ ಬಡಿದು ಅವನ ಎಡಭುಜದ ಕೀಲು ತಪ್ಪಿತು. ಉಳಿದೆರಡು ಸಲ ಒಂದೇ ಕೈಯಲ್ಲಿ ಹುಟ್ಟು ಹಾಕಿದ. ದೊಡ್ಡಪ್ಪ, ಕಸ್ತೂರಿಬಾಯಿ, ಸುನಿತಾ ಇದ್ದದ್ದು ಕೊನೆಯ ಸಲದ ದೋಣಿಯಲ್ಲಿ.

ದೇಸಾಯರು ಬಂದದ್ದು ಮೂರನೆಯ ದಿನ, ನೀರು ಮೊಣಕಾಲಿಗೆ ಇಳಿದ ಮೇಲೆ, ಟ್ರ್ಯಾಕ್ಟರಿನಲ್ಲಿ. ಬ್ರೆಡ್ಡು, ಚಾದರ ಹಂಚಿದರು. ಬಿದ್ದ ಮನೆಗಳನ್ನು ನೋಡಿ ಕಣ್ಣೀರು ಹಾಕಿದರು. ದೊಡ್ಡ ಮಾತಾಡದೆ ಮಾಡುವಷ್ಟು ಮಾಡಿ ಹೋದರು. ಅವರು ಕೆಟ್ಟವರೇನಲ್ಲ. ನಾನೇ ಉಳಿಸಿದೆ ಎಂದು ಬದುಕಿರುವ ತನಕ ಅವರೂ ಎಲ್ಲಿಯೂ ಹೇಳಿಕೊಂಡಿರಲಿಲ್ಲ.

ಸಿನಿಮಾದಲ್ಲಿ ಮಾತ್ರ ಹಾಗಿರಲಿಲ್ಲ. ಮಿಂಚು, ಗುಡುಗು. ಮಾಳಿಗೆಯ ಮೇಲೆ ಹೆಂಗಸರ ಚೀರಾಟ. ದಂಡೆಯಲ್ಲಿ ಟೊಪ್ಪಿಗೆ ಹಾಕಿ, ಕಣ್ಣಿಗೆ ಸುರಮಾ ಹಚ್ಚಿದ ದೋಣಿಯವನೊಬ್ಬ, ನನಗೆ ನನ್ನ ಜೀವ ಮುಖ್ಯ ಎಂದು ದೋಣಿಯ ಹಗ್ಗ ಬಿಡದೆ ನಿಂತಿದ್ದ. ದೇಸಾಯರ ಪಾತ್ರಧಾರಿ ಅವನ ಕೆನ್ನೆಗೆ ಬಿಗಿದ ಏಟಿಗೆ ಅವನು ಕೆಸರಿನಲ್ಲಿ ಬಿದ್ದ. ಟಾಕೀಜಿನ ಸೂರು ಸಿಳ್ಳೆಗೆ ಹಾರಿಹೋಗುವಂತಾಯಿತು. ಮುಂದಿನ ಸಾಲಿನ ಹುಡುಗರು ಕುರ್ಚಿಯ ಮೇಲೆ ನಿಂತು ಕಾಗದದ ಚೂರು ಹಾರಿಸಿದರು. ದೇಸಾಯರು ಒಬ್ಬರೇ ದೋಣಿ ನಡೆಸಿ ಊರನ್ನೆಲ್ಲ ದಡ ಸೇರಿಸಿದರು.

ಸುನಿತಾ ತಂದೆಯ ಕಡೆ ಬಾಗಿದಳು. "ಅಪ್ಪಾ, ಆ ದೋಣಿಯಾವ ಅಂದ್ರ ಯಾಸೀನ ಕಾಕಾನೇ ಅಲ್ಲಾ?"

"ಸಿನಿಮಾ ಅಂದ ಮ್ಯಾಲ ಹಂಗೇ ಇರ್ತದ. ಸುಮ್ನ ನೋಡು," ಎಂದ ದೊಡ್ಡಪ್ಪ. ಆದರೆ ಮುಂದಿನ ಅರ್ಧ ತಾಸು ಪರದೆಯ ಮೇಲೆ ಏನಾಯಿತೆಂದು ಅವನಿಗೂ ಗೊತ್ತಾಗಲಿಲ್ಲ.

ಹೊರಗೆ ಬಂದರೆ ಗೇಟಿನ ಹತ್ತಿರ ಸಂತೋಷಕುಮಾರ ಮೈಕು ಹಿಡಿದು ನಿಂತಿದ್ದ. ಅವನು ಆಳಂದದವನು, ಯೂಟ್ಯೂಬ್ ಚಾನೆಲ್ ನಡೆಸುತ್ತಿದ್ದ. ಹಿಂದಿನ ದಿನ ಆಳಂದದ ಪ್ರೇಕ್ಷಕರ ಅಭಿಪ್ರಾಯ ಹಾಕಿದ್ದ, ಇವತ್ತು ಅಫಜಲಪುರದ್ದು. ಜನ ಮುಗಿಬಿದ್ದು ಹೇಳುತ್ತಿದ್ದರು. ಹಾಡು ಜಾಸ್ತಿಯಾಯಿತು ಎಂದನೊಬ್ಬ. ದೇಸಾಯರ ಮೀಸೆ ಇಷ್ಟು ದಪ್ಪ ಇರಲಿಲ್ಲ ಎಂದು ಇನ್ನೊಬ್ಬ. ಮೊಣಕಾಲು ನೋವಿನ ಮನುಷ್ಯನನ್ನು ಕುದುರೆ ಹತ್ತಿಸಿಬಿಟ್ಟಿದ್ದಾರೆ ಎಂದು ಒಬ್ಬ ಮುದುಕ ನಕ್ಕ. ಕಪಾಳಕ್ಕೆ ಹೊಡೆಯುವ ಸೀನಿಗೇ ಟಿಕೇಟಿನ ದುಡ್ಡು ಬಂತು ಎಂದರು ಹುಡುಗರು. ಅವರ್‍ಯಾರೂ ಟಿಕೇಟಿಗೆ ದುಡ್ಡು ಕೊಟ್ಟಿರಲಿಲ್ಲ.

ಅಷ್ಟರಲ್ಲಿ ಶಾಸಕರ ಕಡೆಯ ಸಂಜುಕುಮಾರ ದೊಡ್ಡಪ್ಪನ ರಟ್ಟೆ ಹಿಡಿದು ಮುಂದೆ ತಂದ. ಖುದ್ದು ಆ ದೋಣಿಯಲ್ಲಿ ಇದ್ದವರು ಇವರು, ಇವರನ್ನು ಕೇಳು ಎಂದ. ನೆರೆಯ ನಂತರ ಊರನ್ನು ಎತ್ತರಕ್ಕೆ ಒಯ್ದು ಕಟ್ಟಿಸಿದ ಮನೆಗಳಿಗೆ ಇಷ್ಟು ವರ್ಷವಾದರೂ ಹಕ್ಕುಪತ್ರ ಸಿಕ್ಕಿರಲಿಲ್ಲ. ಆ ಹಕ್ಕುಪತ್ರಗಳ ಪಟ್ಟಿ ಓಡಾಡುತ್ತಿದ್ದದ್ದು ಇದೇ ಸಂಜುಕುಮಾರನ ಕೈಯಲ್ಲಿ.

"ಸಿನಿಮಾದಾಗ ತೋರಿಸಿದ್ದು ಖರೇ ಏನ್ರಿ?" ಎಂದು ಸಂತೋಷಕುಮಾರ ಮೈಕು ಚಾಚಿದ.

"ಖರೇ ಅದರಿ. ದೇಸಾಯರು ಇರದಿದ್ರ ನಾವ್ ಇವತ್ತ ಇರ್ತಿರಲಿಲ್ಲ."

ಅಲ್ಲಿಗೇ ನಿಲ್ಲಿಸಿದ್ದರೆ ಬೇರೆ ಮಾತಿತ್ತು. ಹಾಗಾದರೆ ದೋಣಿಯವ ಬರಲ್ಲ ಅಂದದ್ದೂ ನಿಜವೇ ಎಂದು ಮೈಕಿನ ಹುಡುಗ ಮತ್ತೆ ಕೇಳಿದ. ದೊಡ್ಡಪ್ಪ ಮಗಳ ಮುಖ ನೋಡಲಿಲ್ಲ.

"ಅಂಜಿದ್ದ," ಎಂದ. "ಮನುಷ್ಯಾ ಅಂದ ಮ್ಯಾಲ ಅಂಜಿಕಿ ಇರ್ತದ."

ಅವನು ತಿರುಗಿ ನೋಡುವಷ್ಟರಲ್ಲಿ ಸುನಿತಾ ಬಸ್ ನಿಲ್ದಾಣದ ದಾರಿ ಹಿಡಿದಿದ್ದಳು. ಊಟಕ್ಕೂ ನಿಲ್ಲಲಿಲ್ಲ. ಕಸ್ತೂರಿಬಾಯಿ ಅವಳ ಹಿಂದೆ ಸ್ವಲ್ಪ ದೂರ ಹೋಗಿ, ಒಬ್ಬಳೇ ವಾಪಸು ಬಂದಳು.

ಆ ವಿಡಿಯೋ ಎರಡೇ ದಿನದಲ್ಲಿ ಊರಿನ ಎಲ್ಲ ಫೋನುಗಳಿಗೂ ಬಂತು. ಚಹಾದಂಗಡಿಯ ಕಟ್ಟೆಯ ಮೇಲೆ ಯಾಸೀನ ಕೂತರೆ ಹುಡುಗರು ತಮ್ಮ ಕೆನ್ನೆ ಸವರಿಕೊಂಡು ನಗುತ್ತಿದ್ದರು. ಅವರಲ್ಲಿ ಕೆಲವರ ತಂದೆತಾಯಿಗಳು ಆ ಮಾಳಿಗೆಯ ಮೇಲಿದ್ದವರು. ತಂದೆತಾಯಿಗಳೂ ನಿಧಾನಕ್ಕೆ ಬದಲಾದರು. ಮೊದಲು ಸುಮ್ಮನಿದ್ದರು. ಆಮೇಲೆ, ಕತ್ತಲಿತ್ತು, ದೋಣಿ ಯಾರು ನಡೆಸಿದರೋ ಸರಿಯಾಗಿ ನೆನಪಿಲ್ಲ ಎನ್ನತೊಡಗಿದರು. ಅವತ್ತು ಹಾಡಹಗಲು. ಅದು ದೊಡ್ಡಪ್ಪನಿಗೆ ಗೊತ್ತಿತ್ತು.

ನಾಲ್ಕನೆಯ ದಿನ ತಡೆಯಲಾರದೆ ಅವನು ಯಾಸೀನನ ಮನೆಗೆ ಹೋದ. ಯಾಸೀನ ಅಂಗಳದಲ್ಲಿ ಮೀನಿನ ಬಲೆ ಹೊಲಿಯುತ್ತಿದ್ದ. ಎಡಗೈ ಹೆಗಲಿನಿಂದ ಮೇಲೆ ಏಳುತ್ತಿರಲಿಲ್ಲವಾದ್ದರಿಂದ ಬಲೆಯ ತುದಿಯನ್ನು ಕಾಲ್ಬೆರಳಲ್ಲಿ ಹಿಡಿದಿದ್ದ. ಅವನ ಹೆಂಡತಿ ಶರೀಫಾಬಿ ದೊಡ್ಡಪ್ಪನನ್ನು ಕಂಡು ಎದ್ದು ಒಳಗೆ ಹೋದಳು. ಎಂದೂ ಚಹಾ ಕೇಳದೆ ಬಿಟ್ಟವಳಲ್ಲ.

"ಹಕ್ಕುಪತ್ರ ಬಂತೇನು, ದೊಡ್ಡಪ್ಪಣ್ಣಾ?" ಎಂದ ಯಾಸೀನ, ಬಲೆಯಿಂದ ಕಣ್ಣೆತ್ತದೆ.

"ಮುಂದಿನ ಸೋಮವಾರ ಅಂದಾರ. ಯಾಸೀನಭಾಯ್, ಪಟ್ಟಿ ಆ ಸಂಜುನ ಕೈಯಾಗ ಅದ. ನಿನ್ನ ಹೆಸರೂ ಅದರಾಗೇ ಅದ. ನಾ ಏನ್ ಮಾಡ್ಲಿ?"

ಯಾಸೀನ ದಾರ ಕಚ್ಚಿ ತುಂಡರಿಸಿದ. "ಸಿನಿಮಾ ಮಾಡ್ದವ್ರು ನನ್ನ ನೋಡಿಲ್ಲ. ಅವರ ಮ್ಯಾಲ ನನಗ ಸಿಟ್ಟಿಲ್ಲ. ನೀ ನೋಡಿದ್ದಿ." ಬಲೆಯನ್ನು ಮತ್ತೆ ಹತ್ತಿರ ಎಳೆದುಕೊಂಡು, "ಬಿಸಿಲೇರ್ತದ, ಹೋಗು ಇನ್ನ," ಎಂದ.

ದೊಡ್ಡಪ್ಪ ಮನೆಗೆ ಹೋಗಲಿಲ್ಲ. ಬಸ್ಸು ಹತ್ತಿ ಆಳಂದಕ್ಕೆ ಹೋಗಿ, ಕೇಳಿಕೇಳಿ ಸಂತೋಷಕುಮಾರನನ್ನು ಹುಡುಕಿದ. ನಾನು ಹೇಳಿದ್ದು ಸುಳ್ಳು, ಇನ್ನೊಮ್ಮೆ ಹೇಳುತ್ತೇನೆ, ಹಾಕು ಎಂದು ಬೇಡಿಕೊಂಡ. ಹುಡುಗ ಒಳ್ಳೆಯವನೇ. ಕೂಡಿಸಿ ಚಹಾ ತರಿಸಿದ, ಪೂರ್ತಿ ಕೇಳಿದ. ಆಮೇಲೆ, ಸಿನಿಮಾದ ಗದ್ದಲ ಮುಗಿಯಿತು ಕಾಕಾ, ಈಗ ಹಾಕಿದರೆ ಯಾರೂ ನೋಡುವುದಿಲ್ಲ, ನೋಡಿದವರು ನಿಮ್ಮನ್ನೇ ಬೈಯುತ್ತಾರೆ, ಶಾಸಕರ ಕಡೆಯವರು ನನ್ನ ಹೊಟ್ಟೆಯ ಮೇಲೆ ಹೊಡೆಯುತ್ತಾರೆ ಎಂದ. ಹಳೆಯದನ್ನು ತೆಗೆದಾದರೂ ಹಾಕು ಎಂದ ದೊಡ್ಡಪ್ಪ. ಅದು ಎಷ್ಟು ಕಡೆ ಹೋಗಿದೆಯೋ ನನಗೇ ಗೊತ್ತಿಲ್ಲ ಎಂದು ಹುಡುಗ ಕೈ ಚೆಲ್ಲಿದ. ವಾಪಸು ಬರುವಾಗ ಬಸ್ಸಿನಲ್ಲಿ ದೊಡ್ಡಪ್ಪನಿಗೆ ಮನಸ್ಸು ಹಗುರಾದಂತೆ ಕಂಡಿತು. ನಾನು ಕೇಳಿದೆ, ಅವರು ಒಲ್ಲೆ ಅಂದರು, ಇನ್ನು ನನ್ನ ತಪ್ಪೇನು ಎಂಬ ಹಗುರ. ಅದು ಹಗುರ ಎಂದು ಗೊತ್ತಾದಾಗ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಸೋಮವಾರ ಪಂಚಾಯತಿ ಮುಂದೆ ಪೆಂಡಾಲು ಹಾಕಿ ಹಕ್ಕುಪತ್ರ ಹಂಚಿದರು. ಶಾಸಕರು ದೊಡ್ಡಪ್ಪನನ್ನು ವೇದಿಕೆಗೆ ಕರೆದು ಶಾಲು ಹೊದಿಸಿ, ನನ್ನ ತಂದೆಯ ಋಣ ಮರೆಯದ ಹಿರಿಯರು ಎಂದರು. ಚಪ್ಪಾಳೆ ಬಿತ್ತು. ಯಾಸೀನನ ಹೆಸರನ್ನೂ ಕೂಗಿದರು. ಯಾರೂ ಎದ್ದು ಬರಲಿಲ್ಲ. ಅಂಜಿರಬೇಕು ಎಂದು ಪಕ್ಕದಲ್ಲಿ ಯಾರೋ ಅಂದರು. ಜನ ನಕ್ಕರು. ಶಾಲು ಹೊದ್ದ ದೊಡ್ಡಪ್ಪ ಮೈಕಿನಿಂದ ಎರಡು ಹೆಜ್ಜೆ ದೂರದಲ್ಲಿದ್ದ. ಎರಡೇ ಹೆಜ್ಜೆ. ಅವನು ಇಡಲಿಲ್ಲ.

ನಾಗರ ಪಂಚಮಿಗೆ ಮಗಳು ಬರುತ್ತಾಳೆಂದು ಕಸ್ತೂರಿಬಾಯಿ ಉಂಡಿ ಕಟ್ಟಿ, ಜೋಳದ ಅರಳು ಹುರಿದಿಟ್ಟಳು. ಸುನಿತಾ ಬಂದಳು. ಮುಂಜಾನೆಯ ಬಸ್ಸಿಗೆ ಇಳಿದದ್ದನ್ನು ನಾಲ್ಕು ಜನ ನೋಡಿದ್ದರು. ತವರಿನ ಓಣಿಗೆ ತಿರುಗದೆ ನೇರ ಶರೀಫಾಬಿಯ ಮನೆಗೆ ಹೋದಳೆಂದೂ ಅವರೇ ಹೇಳಿದರು. ದೊಡ್ಡಪ್ಪ ಬಾಗಿಲಲ್ಲಿ ಕೂತು ಕಾದ. ಮಧ್ಯಾಹ್ನವಾಯಿತು. ಕಸ್ತೂರಿಬಾಯಿ ಉಂಡಿಯ ಡಬ್ಬಿ ಸೆರಗಿನಲ್ಲಿ ಮುಚ್ಚಿಕೊಂಡು, ಹೋಗಿ ಬರುತ್ತೇನೆ ಎಂದೂ ಹೇಳದೆ ಹೊರಟಳು.

ಅವಳು ಹೊರಳಿ ಬಂದದ್ದು ಜೇವರ್ಗಿಯ ಬಸ್ಸು ಹೋದ ಮೇಲೆ. ಡಬ್ಬಿ ಖಾಲಿಯಾಗಿತ್ತು.

"ಏನ್ ಅಂದಳು?" ಎಂದು ದೊಡ್ಡಪ್ಪ ಕೇಳಿದ.

"ಏನೂ ಅನ್ನಲಿಲ್ಲ. ಅಲ್ಲೇ ಉಂಡು ಹೋದಳು." ಒಲೆಯ ಮುಂದೆ ಕೂತು, "ನಾನೂ ಅಲ್ಲೇ ಉಂಡು ಬಂದೇನಿ. ನಿಮಗ ಅಷ್ಟೇ ರೊಟ್ಟಿ ಮಾಡ್ತೇನಿ," ಎಂದು ಹಿಟ್ಟಿನ ಡಬ್ಬಿಗೆ ಕೈ ಹಾಕಿದಳು.