ಕುಸುಮ ನೋಡಿದ ಫೈನಲ್

ಮಗಳ ಕಬಡ್ಡಿ ಟೀವಿಯಲ್ಲಿ ಬರುವ ದಿನ ವಿಟ್ಲದ ಲೋಕನಾಥ ಶೆಟ್ಟರ ಮನೆಯಲ್ಲಿ ಯಾರು ಎಲ್ಲಿ ಕೂರಬೇಕು ಎಂಬುದು ಮೊದಲೇ ನಿಶ್ಚಯವಾಗಿರುತ್ತಿತ್ತು. ಶೆಟ್ಟರಿಗೆ ಕಿಟಕಿ ಪಕ್ಕದ ಬೆತ್ತದ ಕುರ್ಚಿ, ಎಡಗಾಲಿನ ಮೇಲೆ ಬಲಗಾಲು. ಮಗ ಶೋಧನನಿಗೆ ನೆಲದ ಮೇಲೆ ಚಾಪೆ, ಮೈಮೇಲೆ ಒಗೆಯದ ಹಳದಿ ಟೀಶರ್ಟು. ಶೆಟ್ಟರ ಹೆಂಡತಿ ಕುಸುಮಳಿಗೆ ಅಡುಗೆಮನೆ.

ಅಡುಗೆಮನೆ ಅಂದರೆ ಅಡುಗೆಮನೆಯೇ. ಹೊಸ್ತಿಲಿನಿಂದ ಆಚೆ ಮೂಗು ಕೂಡ ಬರಬಾರದು. ಒಳಗೆ ಸುಮ್ಮನೆ ಕೂರುವ ಹಾಗೂ ಇಲ್ಲ, ಆಟ ಮುಗಿಯುವ ತನಕ ಗೋಳಿಬಜೆ ಕರಿಯುತ್ತಿರಬೇಕು. ಎಣ್ಣೆಯ ಚೊರ್ ಎಂಬ ಸದ್ದು ನಿಂತರೆ ಹೊರಗಿನಿಂದ ಶೆಟ್ಟರ ಕೂಗು ಬರುತ್ತಿತ್ತು, "ಎಂತಾಯ್ತು? ಹಿಟ್ಟು ಮುಗಿಯಿತಾ?"

ಇದು ಹೇಗೆ ಶುರುವಾಯಿತೆಂದರೆ, ಮಗಳು ಪ್ರಾಪ್ತಿ ಮೂಡುಬಿದಿರೆಯ ಕಾಲೇಜು ಸೇರಿದ ಹೊಸತರಲ್ಲಿ ಅವಳ ಒಂದು ಪಂದ್ಯವನ್ನು ಯಾರೋ ಯೂಟ್ಯೂಬಿನಲ್ಲಿ ಲೈವ್ ಬಿಟ್ಟಿದ್ದರು. ಕುಸುಮ ಚಹಾದ ತಟ್ಟೆ ಹಿಡಿದು ಟೀವಿಯಿದ್ದ ಹಾಲಿಗೆ ಬಂದಳು, ಅದೇ ಗಳಿಗೆಯಲ್ಲಿ ಎದುರಾಳಿಗಳು ಪ್ರಾಪ್ತಿಯನ್ನು ಎತ್ತಿ ಹಾಕಿದರು, ತಂಡ ಸೋತಿತು. ಎರಡನೆಯ ಸಲ ಸಕ್ಕರೆ ಎಷ್ಟು ಹಾಕಲಿ ಎಂದು ಕೇಳಲು ಬಂದಳು, ಆಗಲೂ ಸೋಲು. ಮೂರನೆಯ ಸಲ ಬಾಗಿಲ ಸಂದಿಯಿಂದ ಇಣುಕಿದ್ದಷ್ಟೇ, ಪ್ರಾಪ್ತಿಯ ಕಾಲು ಉಳುಕಿತು. ಅದರ ಮುಂದಿನ ಪಂದ್ಯದಲ್ಲಿ ಕುಸುಮ ಒಳಗೆ ಗೋಳಿಬಜೆ ಕರಿಯುತ್ತಿದ್ದಳು, ಪ್ರಾಪ್ತಿ ಒಬ್ಬಳೇ ಪಂದ್ಯ ಗೆದ್ದುಕೊಟ್ಟಳು. ಅಲ್ಲಿಗೆ ಶೆಟ್ಟರ ಕಾನೂನು ಪಾಸಾಯಿತು.

ಶೆಟ್ಟರು ಕೆಟ್ಟವರಲ್ಲ. ವಿಟ್ಲ ಪೇಟೆಯಲ್ಲಿ ಸಣ್ಣ ಹೋಟೆಲು ನಡೆಸುವ, ಗಿರಾಕಿಗೆ ಒಂದು ಸೌಟು ಸಾಂಬಾರು ಹೆಚ್ಚೇ ಬಡಿಸುವ ಮನುಷ್ಯ. ಆದರೆ ಆಟ ಅಂದರೆ ಅವರ ತಲೆ ಅವರ ಹೆಗಲ ಮೇಲೆ ಇರುತ್ತಿರಲಿಲ್ಲ. ಕುಸುಮಳಿಗೆ ಗಂಡನ ಮೇಲೆ ಸಿಟ್ಟು ಬರುತ್ತಿತ್ತು, ಬಾರದೆ ಇರುತ್ತದೆಯೇ? ಪ್ರಾಪ್ತಿಗೆ ಕಬಡ್ಡಿ ಹಿಡಿಸಿದವಳೇ ಅವಳು. ಕನ್ಯಾನದ ಹೈಸ್ಕೂಲಿನಲ್ಲಿ ಲಂಗ ಎತ್ತಿ ಕಟ್ಟಿ ಆಡಿದವಳು. ಮಗಳು ಚಿಕ್ಕವಳಿದ್ದಾಗ ಅಂಗಳದಲ್ಲಿ ಸುಣ್ಣದ ಗೆರೆ ಎಳೆದು, "ಬಿದ್ದ ಮೇಲೆಯೂ ಆಟ ಉಂಟು, ಕೈ ಚಾಚು, ಕೈ ಚಾಚು" ಎಂದು ಕಲಿಸಿದವಳು. ಅಂಥವಳಿಗೆ ಮಗಳ ಆಟ ಗೋಡೆಯ ಆಚೆಯಿಂದ ಬರೀ ಕೇಳುವ ಭಾಗ್ಯ.

ಆದರೂ ಅವಳು ಜಗಳಕ್ಕೆ ಹೋಗಲಿಲ್ಲ. ಕಾರಣ ಇಷ್ಟೇ, ಅವಳಿಗೂ ಒಳಗೊಳಗೇ ಹೆದರಿಕೆಯಿತ್ತು. ಒಂದು ವೇಳೆ ನಿಜವಾಗಿದ್ದರೆ? ತನ್ನ ಕಣ್ಣೇ ಮಗಳಿಗೆ ತಾಗುತ್ತಿದ್ದರೆ? ಆ ಯೋಚನೆ ಬಂದಾಗಲೆಲ್ಲ ಅವಳು ಮತ್ತೆ ಬಾಣಲೆಯ ಮುಂದೆ ಹೋಗಿ ನಿಲ್ಲುತ್ತಿದ್ದಳು.

ಈಗ ಬಂದದ್ದು ಸಾಮಾನ್ಯ ಪಂದ್ಯವಲ್ಲ, ಹೆಂಗಸರ ರಾಷ್ಟ್ರಮಟ್ಟದ ಫೈನಲ್. ಕರ್ನಾಟಕಕ್ಕೂ ಹರಿಯಾಣಕ್ಕೂ. ಭಾನುವಾರ ಮಧ್ಯಾಹ್ನ ಶೆಟ್ಟರು ಹೋಟೆಲಿನ ಬಾಗಿಲು ಹಾಕಿ ಬಂದರು. ಮನೆಯವರ ಮೊಬೈಲುಗಳನ್ನೆಲ್ಲ ಸ್ವಿಚ್ ಆಫ್ ಮಾಡಿ ಉಪ್ಪಿನಕಾಯಿಯ ಕಪಾಟಿನೊಳಗೆ ಇಟ್ಟರು. ಕಳೆದ ಸಲ ಮುಂಬೈಯ ಭಾವ ಆಟ ಮುಗಿಯುವ ಮೊದಲೇ ವಾಟ್ಸಾಪಿನಲ್ಲಿ ಫಲಿತಾಂಶ ಕಳಿಸಿ ಎಲ್ಲ ಹಾಳು ಮಾಡಿದ್ದ.

ಭಾವನದೇನೂ ತಪ್ಪಿರಲಿಲ್ಲ. ಅವನದ್ದು ಕೇಬಲ್, ಇವರದ್ದು ಇಂಟರ್ನೆಟ್. ಮೊದಲು ಇವರಿಗೂ ಕೇಬಲ್ಲೇ ಇತ್ತು. ಅದನ್ನು ನಡೆಸುತ್ತಿದ್ದವನು ಪಕ್ಕದ ಮನೆಯ ಹನೀಫಾ, ಶೆಟ್ಟರ ಬಾಲ್ಯದ ಗೆಳೆಯ. ಶೋಧನ್ ದೊಡ್ಡ ಟೀವಿ ತಂದು, ಫೈಬರ್ ಹಾಕಿಸಿ, ಇನ್ನು ಎಲ್ಲವೂ ಆ್ಯಪಿನಲ್ಲೇ ಎಂದಾಗ ಹನೀಫಾ ಮುಖ ಸಣ್ಣದು ಮಾಡಿಕೊಂಡು ವೈರು ಬಿಚ್ಚಲು ಬಂದಿದ್ದ.

"ಲೋಕಣ್ಣ, ಒಂದು ಹೇಳ್ತೇನೆ, ಬೇಜಾರು ಮಾಡ್ಬೇಡಿ. ನಿಮ್ಮ ಇಂಟರ್ನೆಟ್ಟಿನ ಆಟ ನನ್ನ ಕೇಬಲ್ಲಿಗಿಂತ ಅರ್ಧ ನಿಮಿಷ ಹಿಂದೆ ಬರ್ತದೆ. ನಾವು ಉಂಡು ಕೈ ತೊಳೆದ ಮೇಲೆ ನಿಮಗೆ ಎಲೆ ಹಾಕಿದ ಹಾಗೆ."

"ಅರ್ಧ ನಿಮಿಷದಲ್ಲಿ ಲೋಕ ಮುಳುಗ್ತದಾ ಮಾರಾಯ?" ಎಂದಿದ್ದರು ಶೆಟ್ಟರು.

ಆಟ ಶುರುವಾಯಿತು. ಕುಸುಮ ಹಿಟ್ಟನ್ನು ಉಂಡೆ ಉಂಡೆಯಾಗಿ ಎಣ್ಣೆಗೆ ಬಿಡುತ್ತಾ ಕಿವಿಯನ್ನು ಹಾಲಿನಲ್ಲೇ ಇಟ್ಟಿದ್ದಳು. ಮೊದಲರ್ಧ ಶೆಟ್ಟರ ಚಪ್ಪಾಳೆಗಳಲ್ಲಿ ಹೋಯಿತು. ದ್ವಿತೀಯಾರ್ಧದಲ್ಲಿ ಚಪ್ಪಾಳೆ ಕಡಿಮೆಯಾಯಿತು, "ಛೆ" ಜಾಸ್ತಿಯಾಯಿತು. ಹರಿಯಾಣದವರು ಹತ್ತಿರ ಹತ್ತಿರ ಬರುತ್ತಿದ್ದರು. ಬೇಸಿನ್ನಿನಲ್ಲಿ ಗೋಳಿಬಜೆಯ ರಾಶಿ ಏರಿತ್ತು, ತಿನ್ನುವವರು ಒಬ್ಬರೂ ಇರಲಿಲ್ಲ.

ಆಗ ಹಾಲಿನಲ್ಲಿ ಒಮ್ಮೆಲೇ ಮೌನ. ಅದರ ಬೆನ್ನಿಗೇ ಶೆಟ್ಟರ ಆರ್ತನಾದ.

"ಶೋಧನಾ! ನಿಂತಿತಲ್ಲ! ಎಂತದು ಇದು, ಸುತ್ತುತ್ತಾ ಉಂಟು!"

ಪರದೆಯ ನಡುವೆ ದುಂಡನೆಯ ಚಕ್ರವೊಂದು ತಿರುಗುತ್ತಿತ್ತಂತೆ. ಶೋಧನ್ ರೌಟರಿನ ಪ್ಲಗ್ ಕಿತ್ತು ಹಾಕಿದ. ಚಕ್ರ ತಿರುಗುತ್ತಲೇ ಇತ್ತು. ಶೆಟ್ಟರು ಕುರ್ಚಿಯಿಂದ ಏಳುವ ಹಾಗಿಲ್ಲ, ಕಾಲು ಇಳಿಸುವ ಹಾಗಿಲ್ಲ, ಆದ್ದರಿಂದ ಕೂತಲ್ಲೇ ಫೈಬರಿನವರ ಹಿರಿಯರನ್ನೆಲ್ಲ ನೆನೆಯತೊಡಗಿದರು.

"ಕುಸುಮಕ್ಕಾ!" ಹಿಂಬಾಗಿಲಿನ ಆಚೆಯಿಂದ ಪಿಸುದನಿ ಬಂತು. ಹನೀಫಾನ ಹೆಂಡತಿ ಆಸ್ಯಮ್ಮ, ಎರಡು ಮನೆಗಳ ನಡುವಿನ ಗಿಡ್ಡ ಪಾಗಾರ ಗೋಡೆಯ ಮೇಲೆ ಗಲ್ಲ ಇಟ್ಟು ನಿಂತಿದ್ದಳು. "ನಮ್ಮಲ್ಲಿ ಚೆಂದ ಬರ್ತಾ ಉಂಟು. ಇನ್ನು ಸ್ವಲ್ಪವೇ ಇರುವುದು. ಬನ್ನಿ ಮಾರಾಯ್ತಿ."

"ನಾನು ನೋಡಿದ್ರೆ ಅವಳು ಸೋಲ್ತಾಳೆ ಆಸ್ಯಮ್ಮ."

"ನೋಡದೆಯೇ ಎಂತ ಗೆಲ್ತಾ ಇದ್ದಾಳೆ? ಇಪ್ಪತ್ತೇಳು ಇಪ್ಪತ್ತೇಳು, ಸಮ ಸಮ. ಅಷ್ಟು ದೂರ ಹೋಗಿ ಆಡ್ತಾ ಇದ್ದಾಳೆ ಮಗು. ಹೆತ್ತವಳು ಒಮ್ಮೆ ನೋಡ್ಬಾರ್ದಾ?"

ಆ ಕೊನೆಯ ಮಾತು ಕುಸುಮಳಿಗೆ ನಾಟಿತು. ಗ್ಯಾಸು ಆರಿಸಿದಳು. ಎಣ್ಣೆಯ ಸದ್ದು ನಿಂತಿತು. ಹಾಲಿನ ಗದ್ದಲದಲ್ಲಿ ಅದು ಯಾರಿಗೂ ತಿಳಿಯಲಿಲ್ಲ. ಸೀರೆ ಎತ್ತಿ ಪಾಗಾರ ದಾಟಿದಳು.

ಆಸ್ಯಮ್ಮನ ಮನೆಯ ಹಳೆಯ ಟೀವಿಯಲ್ಲಿ ಬಣ್ಣ ಸ್ವಲ್ಪ ಹಸಿರಿಗೆ ತಿರುಗಿತ್ತು. ಆದರೂ ಆ ಕೆಂಪು ಬನಿಯನ್ನಿನ ಹುಡುಗಿಯನ್ನು ಗುರುತಿಸಲು ಕುಸುಮಳಿಗೆ ಬಣ್ಣ ಬೇಕಿರಲಿಲ್ಲ. ಜಡೆಯನ್ನು ಸುತ್ತಿ ಕಟ್ಟಿ, ಅಂಗೈ ನೆಲಕ್ಕೆ ಮುಟ್ಟಿಸಿ ಹಣೆಗೆ ಒತ್ತಿಕೊಂಡು ಪ್ರಾಪ್ತಿ ನಡುಗೆರೆ ದಾಟಿದಳು. ಅಂಕ ಸಮ, ಇದೇ ಕೊನೆಯ ರೈಡ್. ಇವಳು ಒಂದು ಅಂಕ ತಂದರೆ ಕಪ್ ಕರ್ನಾಟಕಕ್ಕೆ, ಇವಳನ್ನು ಹಿಡಿದುಹಾಕಿದರೆ ಅದು ಹರಿಯಾಣಕ್ಕೆ.

ಕುಸುಮ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. "ನನಗೆ ಆಗುದಿಲ್ಲ. ಏನಾದ್ರೂ ಆದ್ರೆ ಅದು ನನ್ನಿಂದ. ನಾನು ಹೋಗ್ತೇನೆ."

"ಸುಮ್ಮನೆ ನೋಡಿ!" ಆಸ್ಯಮ್ಮ ಅವಳ ಕೈಗಳನ್ನು ಹಿಡಿದು ಕೆಳಗೆಳೆದಳು, ಬಿಡಲೇ ಇಲ್ಲ.

ಪ್ರಾಪ್ತಿ ಬಲಕ್ಕೆ ಹೋದಂತೆ ಮಾಡಿ ಎಡ ಮೂಲೆಗೆ ಜಿಗಿದಳು. ಕಾಲು ಚಾಚಿ ಅಲ್ಲಿದ್ದವಳನ್ನು ಹೆಬ್ಬೆರಳಿನಿಂದ ಮುಟ್ಟಿದಳು. ತಿರುಗುವಷ್ಟರಲ್ಲಿ ಅವಳೇ ಇವಳ ಕಾಲಗಂಟು ಹಿಡಿದಳು, ಇನ್ನೊಬ್ಬಳು ಸೊಂಟಕ್ಕೆ ಬಿದ್ದಳು. ಪ್ರಾಪ್ತಿ ಬೋರಲು ಬಿದ್ದಳು. ನಡುಗೆರೆ ಇನ್ನೂ ಒಂದು ಮೊಳ ದೂರ.

"ಕೈ ಚಾಚು!" ಎಂದು ಕುಸುಮ ಕಿರುಚಿದಳು. "ಕೈ ಚಾಚು ಮಗಾ!"

ಪ್ರಾಪ್ತಿ ಕೈ ಚಾಚಿದಳು. ಇಬ್ಬರನ್ನು ಬೆನ್ನಿಗೆ ಕಟ್ಟಿಕೊಂಡೇ ನೆಲದ ಮೇಲೆ ತೆವಳಿದಳು. ಅವಳ ನಡುಬೆರಳಿನ ತುದಿ ಗೆರೆ ಮುಟ್ಟಿತು.

ಶಿಳ್ಳೆ ಮೊಳಗಿತು. ಕೆಂಪು ಬನಿಯನ್ನಿನ ಹುಡುಗಿಯರೆಲ್ಲ ಬಂದು ಪ್ರಾಪ್ತಿಯ ಮೇಲೆ ಬಿದ್ದರು. ಆಸ್ಯಮ್ಮ ಊರಿಗೇ ಕೇಳುವಂತೆ ಕೂಗಿ ಕುಸುಮಳನ್ನು ಅಪ್ಪಿಕೊಂಡಳು. ಇಬ್ಬರೂ ಟೀವಿಯ ಮುಂದೆ ಗಿರಗಿರ ತಿರುಗಿದರು, ಸ್ಟೂಲು ಉರುಳಿತು, ಅದರ ಮೇಲಿದ್ದ ನೀರಿನ ಚೊಂಬೂ ಉರುಳಿತು. ಕುಸುಮ ಅಳುತ್ತಿದ್ದಳು, ನಗುತ್ತಲೂ ಇದ್ದಳು. ನೋಡಿದಳು! ತಾನು ನೋಡುತ್ತಿರುವಾಗಲೇ ಮಗಳು ಗೆದ್ದಳು! ಇಷ್ಟು ವರ್ಷ ಎದೆಯ ಮೇಲೆ ಕೂತಿದ್ದ ಹೆದರಿಕೆ ಆ ಒಂದು ಬೆರಳು ಗೆರೆ ಮುಟ್ಟಿದ್ದೇ ಹಾರಿಹೋಗಿತ್ತು.

ಅಷ್ಟರಲ್ಲಿ ಪಾಗಾರದ ಆಚೆಯಿಂದ ಶೆಟ್ಟರ ಸ್ವರ ಕೇಳಿತು. "ಬಂತು! ಬಂತು! ಶೋಧನಾ, ಕೂತುಕೋ! ಇಪ್ಪತ್ತಾರು ಇಪ್ಪತ್ತೇಳು!"

ಇಬ್ಬರು ಹೆಂಗಸರೂ ಮುಖ ಮುಖ ನೋಡಿಕೊಂಡರು.

"ನಿಮ್ಮ ಮನೆಯಲ್ಲಿ ಆಟ ಇನ್ನೂ ಮುಗಿಯಲಿಲ್ಲ ಕುಸುಮಕ್ಕ," ಎಂದಳು ಆಸ್ಯಮ್ಮ, ಕಣ್ಣರಳಿಸಿ. "ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಬರ್ತಾ ಉಂಟು."

ಕುಸುಮ ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳ ಮುಖದಲ್ಲಿ ಮೆಲ್ಲಗೆ ಒಂದು ನಗು ಮೂಡಿತು. ಅಂಥ ನಗುವನ್ನು ಆಸ್ಯಮ್ಮ ಅಲ್ಲಿಯ ತನಕ ನೋಡಿರಲಿಲ್ಲ.

"ಆಸ್ಯಮ್ಮ, ನಾನು ಇಲ್ಲಿಗೆ ಬರಲೇ ಇಲ್ಲ. ಆಯ್ತಾ?"

"ಯಾರು ನೀವು?" ಎಂದಳು ಆಸ್ಯಮ್ಮ.

ಹಿಂಬಾಗಿಲಿನಿಂದ ಅಡುಗೆಮನೆಗೆ ಬಂದಾಗ ಹಾಲಿನಲ್ಲಿ ಅಪ್ಪ ಮಗನ ವಾದ ನಡೆದಿತ್ತು.

"ಅಪ್ಪ, ನಾವು ತುಂಬಾ ಹಿಂದೆ ಇದ್ದೇವೆ. ಆ ಲೈವ್ ಬಟನ್ ಒತ್ತುವ, ಸೀದಾ ಮುಂದೆ ಹೋಗ್ತದೆ."

"ಮುಟ್ಟಿದ್ರೆ ಕೈ ಮುರೀತೇನೆ. ನಡುವಿನ ಆಟ ಬಿಟ್ಟು ಹೋಗುದಾ? ನಾವು ಈಗ ನೋಡುದಲ್ವಾ? ನಮಗೆ ಇದೇ ಲೈವ್."

"ಅದಲ್ಲ, ಆಗ ಆಸ್ಯಮ್ಮನಲ್ಲಿ ಬೊಬ್ಬೆ ಕೇಳಿತಲ್ಲ?"

"ಅಡುಗೆಮನೆಗೆ ಬೆಕ್ಕು ನುಗ್ಗಿರ್ಬೇಕು. ಸುಮ್ಮನೆ ಕೂತುಕೋ!"

ಟೀವಿಯಲ್ಲಿ ಅಂಕ ಇಪ್ಪತ್ತೇಳು ಇಪ್ಪತ್ತೇಳಾಯಿತು. ಪ್ರಾಪ್ತಿ ಜಡೆ ಸುತ್ತಿ ಕಟ್ಟುತ್ತಿದ್ದಳು. ಆಗ ಕುಸುಮ ಹೊಸ್ತಿಲು ದಾಟಿ, ಗಾಜಿನ ಬಳೆ ಸದ್ದು ಮಾಡುತ್ತಾ, ಹಾಲಿನ ನಡುವಿನ ಸೋಫಾದ ನಟ್ಟನಡುವೆ ಹೋಗಿ ಕೂತಳು.

ಶೆಟ್ಟರು ಕುರ್ಚಿಯ ಎರಡೂ ಕೈಗಳನ್ನು ಹಿಡಿದುಕೊಂಡರು. "ಏ! ಏ ಕುಸುಮ! ಎಂತ ಮಾಡ್ತಾ ಇದ್ದೀಯ? ಕೊನೆಯ ರೈಡು! ಒಳಗೆ ಹೋಗು!"

"ಹೋಗುದಿಲ್ಲ."

"ಎಣ್ಣೆ?"

"ಆರಿಸಿದ್ದೇನೆ."

"ಅಯ್ಯೋ ದೇವರೇ!" ಶೆಟ್ಟರು ಕೈ ಮುಗಿದರು. ಕಾಲ ಮೇಲಿನ ಕಾಲು ಮಾತ್ರ ಇಳಿಸಲಿಲ್ಲ. "ನಿನ್ನ ಮಗಳಲ್ವಾ? ಅವಳ ಮುಖ ನೋಡಿಯಾದ್ರೂ ಒಳಗೆ ಹೋಗು ಮಾರಾಯ್ತಿ!"

"ಅವಳ ಮುಖ ನೋಡ್ಲಿಕ್ಕೇ ಬಂದದ್ದು." ಕುಸುಮಳ ಸ್ವರ ಒಂದಿಷ್ಟೂ ನಡುಗಲಿಲ್ಲ. "ಕೇಳಿ ಇಲ್ಲಿ. ನಾನು ನೋಡ್ತಾ ಇರುವಾಗ ಅವಳು ಸೋತ್ರೆ, ಇನ್ನು ಜನ್ಮದಲ್ಲಿ ಟೀವಿ ಕಡೆ ತಲೆ ಹಾಕುದಿಲ್ಲ. ಗೆದ್ರೆ, ಇನ್ನು ಯಾವತ್ತೂ ನನ್ನನ್ನು ಒಳಗೆ ಕಳಿಸ್ಬಾರ್ದು. ಒಪ್ಪಿಗೆಯಾ?"

"ಅಪ್ಪ, ಹೂಂ ಅನ್ನಿ, ಅವಳು ಗೆರೆ ದಾಟಿದ್ಲು!" ಎಂದು ಶೋಧನ್ ಕೂಗಿದ.

"ಹೂಂ! ಹೂಂ! ಎಂತದಾದ್ರೂ ಆಗ್ಲಿ!" ಎಂದರು ಶೆಟ್ಟರು.

ಪ್ರಾಪ್ತಿ ಬಲಕ್ಕೆ ಹೋದಂತೆ ಮಾಡಿ ಎಡಕ್ಕೆ ಜಿಗಿದಳು. ಕಾಲು ಸಿಕ್ಕಿತು, ಸೊಂಟ ಸಿಕ್ಕಿತು, ಬೋರಲು ಬಿದ್ದಳು. ಶೆಟ್ಟರು ಕಣ್ಣು ಮುಚ್ಚಿ, "ಮುಗಿಯಿತು, ಎಲ್ಲ ಮುಗಿಯಿತು" ಎಂದರು. ಕುಸುಮ ಮಾತ್ರ ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಈ ಟೀವಿಯಲ್ಲಿ ಮಗಳ ಮುಖ ಎಷ್ಟು ಸ್ಪಷ್ಟ! ಹಲ್ಲು ಕಚ್ಚಿದ್ದು, ಹುಬ್ಬಿನ ಮೇಲಿನ ಬೆವರು, ಗೆರೆಯನ್ನೇ ನುಂಗುವಂತಿದ್ದ ಆ ಕಣ್ಣುಗಳು. ಹಸಿರು ಟೀವಿಯಲ್ಲಿ ಕಾಣದ್ದೆಲ್ಲ ಈಗ ಕಂಡಿತು. ಏನಾಗುತ್ತದೆಂದು ಗೊತ್ತಿದ್ದೂ ಅವಳು ಮುಂದಕ್ಕೆ ಬಾಗಿದಳು.

"ಕೈ ಚಾಚು ಮಗಾ," ಎಂದಳು ಮೆಲ್ಲಗೆ.

ಬೆರಳು ಗೆರೆ ಮುಟ್ಟಿತು.

ಮುಂದಿನದ್ದನ್ನು ಏನು ಹೇಳುವುದು! ಶೆಟ್ಟರ ಬಲಗಾಲು ಕೊನೆಗೂ ಎಡಗಾಲಿನಿಂದ ಇಳಿಯಿತು, ಜೋಮು ಹಿಡಿದಿದ್ದರಿಂದ ಅವರು ಎದ್ದಲ್ಲೇ ಕುಸಿದರು. ಶೋಧನ್ ಒಗೆಯದ ಟೀಶರ್ಟನ್ನು ಕಳಚಿ ಫ್ಯಾನಿಗೆ ಎಸೆದ. ಶೆಟ್ಟರು ನೆಲದಲ್ಲಿ ಕೂತೇ ಹೆಂಡತಿಯ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರಿತ್ತು.

"ತಪ್ಪಾಯ್ತು ಕುಸುಮ. ಇಷ್ಟು ವರ್ಷ ನಿನ್ನನ್ನು ಒಳಗೆ ಕೂರಿಸಿದ್ದು ನನ್ನ ತಪ್ಪು." ಸೋಫಾದ ಕಡೆ ಬೆರಳು ತೋರಿಸಿ ಮತ್ತೆ ಹೇಳಿದರು, "ಇನ್ನು ಪ್ರತಿ ಪಂದ್ಯಕ್ಕೂ ನೀನು ಅಲ್ಲೇ, ಸೋಫಾದ ನಡುವೆಯೇ ಕೂರ್ಬೇಕು. ಕದಲ್ಬಾರ್ದು. ಇದೇ ಸೀರೆ ಉಡ್ಬೇಕು."

"ಮತ್ತೆ ಗೋಳಿಬಜೆ?"

"ಅದನ್ನು ನಾನು ಕರೀತೇನೆ. ಹೋಟೆಲಿನವನಲ್ವಾ ನಾನು?"

ಟೀವಿಯಲ್ಲಿ ಪದಕ ಕೊಟ್ಟು ಮುಗಿದ ಮೇಲೆ ಶೋಧನ್ ಉಪ್ಪಿನಕಾಯಿಯ ಕಪಾಟಿನಿಂದ ಮೊಬೈಲುಗಳನ್ನು ತಂದ. ಆನ್ ಮಾಡಿದ್ದೇ ತಡ, ಪ್ರಾಪ್ತಿಯ ವೀಡಿಯೊ ಕಾಲ್ ಬಂತು. ಪರದೆಯ ತುಂಬ ಬಣ್ಣದ ಕಾಗದದ ಚೂರು ಮೆತ್ತಿಕೊಂಡ ಮುಖ, ಕೊರಳಲ್ಲಿ ಪದಕ. ಸುತ್ತ ಯಾರೋ ಡೋಲು ಬಡಿಯುತ್ತಿದ್ದರು. ಹಿಂಬಾಗಿಲಿನಲ್ಲಿ ಆಸ್ಯಮ್ಮ ಏನೂ ಗೊತ್ತಿಲ್ಲದವಳಂತೆ ಬಂದು ನಿಂತು, ಬೇಸಿನ್ನಿನಿಂದ ಒಂದು ಗೋಳಿಬಜೆ ತೆಗೆದು ಬಾಯಿಗೆ ಹಾಕಿಕೊಂಡಳು.

ಪ್ರಾಪ್ತಿ ಅಪ್ಪನನ್ನೂ ಅಣ್ಣನನ್ನೂ ಕೇಳಲಿಲ್ಲ. "ಅಮ್ಮ ಎಲ್ಲಿ? ಅಮ್ಮನಿಗೆ ಕೊಡಿ," ಎಂದಳು. ಕುಸುಮಳ ಮುಖ ಕಂಡದ್ದೇ ಅವಳ ಸ್ವರ ಬದಲಾಯಿತು. "ಅಮ್ಮಾ, ಇವತ್ತು ಕೂಡ ಒಳಗೇ ಇದ್ದೆಯಾ? ನೋಡ್ಲಿಲ್ವಾ?"

ಕುಸುಮ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಮುಖದ ಹತ್ತಿರ ತಂದಳು.

"ನೋಡಿದೆ ಮಗಾ," ಎಂದಳು. "ಎರಡು ಸಲ ನೋಡಿದೆ."