ತೆಳುಗಾಳಿಯ ನಗು

"ಏನಮ್ಮಾ ತಂಗಿ, ಕೆಳಗೆ ಎಲ್ಲರದ್ದೂ ಚಹಾ ಆಯ್ತಾ?" ಎಂದು ಸ್ಪೀಕರಿನಲ್ಲಿ ಅಣ್ಣನ ದನಿ ಬಂದಾಗ ಕಂಟ್ರೋಲ್ ರೂಮಿನಲ್ಲಿದ್ದವರೆಲ್ಲ ನಕ್ಕರು. ತಂಗಿ ಮಾತ್ರ ನಗಲಿಲ್ಲ.

ಮೇಲಿರುವ ಪೈಲಟ್‌ಗಳ ಜೊತೆ ಕೆಳಗಿನಿಂದ ಒಬ್ಬರೇ ಮಾತಾಡಬೇಕೆಂಬುದು ಅಲ್ಲಿನ ಕಟ್ಟುನಿಟ್ಟಿನ ನಿಯಮ. ಆ ಮೈಕು ಅವಳದು. ಅಣ್ಣ ಕೂತಿದ್ದ ರಾಕೆಟ್ ವಿಮಾನವನ್ನು ದೊಡ್ಡ ವಿಮಾನವೊಂದು ಹೊಟ್ಟೆಗೆ ಕಟ್ಟಿಕೊಂಡು ಮೋಡದಾಚೆ ಒಯ್ದಿತ್ತು. ಇನ್ನು ಕೊಕ್ಕೆ ಬಿಚ್ಚುವುದು, ಅವನು ಬೀಳುತ್ತ ಎಂಜಿನ್ ಹೊತ್ತಿಸುವುದು, ಅಷ್ಟೇ ಬಾಕಿ.

"ಒಳ್ಳೇ ಹುರುಪಲ್ಲಿದಾನೆ," ಎಂದ ಕಂಪನಿಯ ಮಾಲೀಕ. ಬೆನ್ನ ಹಿಂದೆ ಎಲ್ಲರೂ ಅವನನ್ನು ಧಣಿ ಅನ್ನುತ್ತಿದ್ದರು. ಬಂಡವಾಳ ಹಾಕಿದ ಅತಿಥಿಗಳು ಹೊರಗೆ ಕತ್ತೆತ್ತಿ ನಿಂತಿದ್ದರು.

ಮನೆಯಲ್ಲಿ ಎಲ್ಲರ ಕಾಲೆಳೆಯುವ ಅಣ್ಣ ಕಾಕ್‌ಪಿಟ್‌ನಲ್ಲಿ ಒಣಕಟ್ಟಿಗೆ, ಕೆಲಸದ ಮಾತು ಬಿಟ್ಟು ಬೇರೆ ಆಡುವವನಲ್ಲ. ಗಾಳಿ ಸಾಲದ ಮೆದುಳು ಹೆದರುವುದಿಲ್ಲ, ಖುಷಿಪಡುತ್ತದೆ ಎಂದು ಇಲ್ಲಿದ್ದವರೆಲ್ಲ ತರಬೇತಿಯಲ್ಲಿ ಕಲಿತಿದ್ದರು. ಆದರೆ ಪರದೆಯ ಮೇಲೆ ಆಮ್ಲಜನಕದ ದೀಪ ಸರಿಯಾಗಿಯೇ ಉರಿಯುತ್ತಿತ್ತು. ಅದು ಹೇಳುತ್ತಿದ್ದುದು ಸಿಲಿಂಡರಿನ ಸಂಗತಿ, ಮೂಗಿನದ್ದಲ್ಲ.

"ಅಣ್ಣಾ, ನೂರರಲ್ಲಿ ಏಳು ಕಳೆದ್ರೆ ಎಷ್ಟು?"

"ಏಳೇ ಕಣೇ. ಇನ್ನೇನು ಎಂಟಾಗುತ್ತಾ?"

ರೂಮು ಮತ್ತೆ ನಕ್ಕಿತು.

"ಕೊಕ್ಕೆ ಬಿಚ್ಚಬೇಡಿ," ಎಂದು ಅವಳು ದೊಡ್ಡ ವಿಮಾನದ ಪೈಲಟ್‌ಗೆ ಹೇಳಿದಳು. "ಕೆಳಗಿಳೀರಿ."

ಧಣಿ ಅವಳ ಕುರ್ಚಿಯ ಬೆನ್ನು ಹಿಡಿದ. "ತಲೆ ನೆಟ್ಟಗಿದೆಯಾ? ಒಂದು ತಮಾಷೆ ಮಾತಿಗೆ ಹಾರಾಟ ನಿಲ್ಲಿಸ್ತೀಯಾ? ನಾಳೆಯಿಂದ ಈ ಕುರ್ಚಿ ನಿಂದಲ್ಲ."

"ನಾಳೆ ಮಾತು ನಾಳೆ ಸಾರ್. ಈಗ ಸುಮ್ನಿರಿ." ಅವಳು ಮೈಕಿನತ್ತ ಬಗ್ಗಿದಳು. "ಅಣ್ಣಾ, ಬಲಗಡೆ ಹಸಿರು ಹಿಡಿ ಎಳಿ." ಅದು ಸೂಟಿನ ತುರ್ತು ಗಾಳಿ.

"ಯಾಕೆ? ಆರಾಮಾಗಿದೀನಿ."

"ಎಳಿ."

"ಹೋಗೇ, ನೀನೊಂದು..." ಮಾತು ಅಲ್ಲಿಗೇ ನಿಂತಿತು.

ಈಗ ಯಾರೂ ನಗಲಿಲ್ಲ. ಧಣಿಯ ಕೈ ಕುರ್ಚಿಯಿಂದ ಜಾರಿತು.

"ಏಯ್, ಎಳಿಯೋ. ಎಳಿ ಅಂದ್ರೆ ಎಳಿ."

ಸ್ಪೀಕರಿನಲ್ಲಿ ಬರೀ ಗೊರಗೊರ. ಆಮೇಲೆ ಬುಸ್ಸೆಂದು ಗಾಳಿ ನುಗ್ಗಿದ ಸದ್ದು. ಕೆಮ್ಮು. ಬಹಳ ಹೊತ್ತಿನ ಮೇಲೆ ಸಿಡುಕಿನ ದನಿ: "ಯಾರು ನಿಲ್ಲಿಸಿದ್ದು? ನಾನು ಸರಿಯಾಗೇ ಇದ್ನಲ್ಲ."

ಇಳಿದವನು ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಬುಸುಗುಡುತ್ತಲೇ ಬಂದ. ಗಾಳಿಯ ಕೊಳವೆ ಕಾಲರಿನ ಬಳಿ ಅರ್ಧ ಮಾತ್ರ ಕೂತಿತ್ತೆಂದು ಮೆಕ್ಯಾನಿಕ್ ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳು ರೆಕಾರ್ಡಿಂಗ್ ಹಚ್ಚಿದಳು. ತನ್ನದೇ ಮಾತು, ಆಮೇಲಿನ ಗೊರಗೊರ ಕೇಳುತ್ತ ಅವನು ಹತ್ತಿರದ ಮೇಜನ್ನು ಹಿಡಿದು ನಿಧಾನವಾಗಿ ಕೂತ.

"ನಿಮ್ಮತ್ತಿಗೆಗೆ ಇದನ್ನ ಹೇಳ್ಬೇಡ."

"ಅತಿಥಿಗಳಿಗೆ ಅಂತ ಹೊರಗೂ ಸ್ಪೀಕರ್ ಹಾಕಿದ್ರಲ್ಲ. ಅತ್ತಿಗೆ ಅಲ್ಲೇ ನಿಂತಿದ್ರು."

"ಏನಂದ್ಲು?"

"ಏನೂ ಇಲ್ಲ. ನೀನು ಏಳು ಅಂದಾಗ ಅವ್ರೂ ನಕ್ರಂತೆ."