ಕೆಟಲಿನ ಹೊಟ್ಟೆಯಲ್ಲಿ ಐದು

ಕೆಟಲಿನ ಹೊಟ್ಟೆಯಲ್ಲಿ ಐದು ಕಾಣುತ್ತಿಲ್ಲ, ತಲೆಕೆಳಗಾದ ಕುರ್ಚಿಯಂಥ ನಾಲ್ಕೂ ಇಲ್ಲ, ಬರೀ ನನ್ನ ಮೂಗು ಬದನೆಕಾಯಿ ಗಾತ್ರಕ್ಕೆ ಉಬ್ಬಿ ಕೂತಿದೆ, ಅಂದರೆ ನೀರಿನ ಬಿಸಿ ತೋರಿಸುವ ಗೋಡೆಯ ಮೀಟರು ಸತ್ತಿದೆ, ಮೀಟರು ಸತ್ತರೆ ಈ ಹಿಂದಿನ ಕೋಣೆಯ ಫ್ಯೂಸೂ ಸತ್ತಿದೆ, ಹಾಗಾದರೆ ಈಗ ಟಪ್ ಅಂದದ್ದು ಹೀಟರಿನ ಗಾಜು — ಹೌದು, ನೋಡು, ನೀರೊಳಗೆ ಉದ್ದಕ್ಕೆ ಕೂದಲೆಳೆಯಷ್ಟು ಬಿರುಕು, ಗುಳ್ಳೆ ಬಿಡುವ ಪಂಪೂ ಬಾಯಿ ಮುಚ್ಚಿದೆ, ಈ ಕೋಣೆ ಇಷ್ಟು ಸುಮ್ಮನಿದ್ದದ್ದನ್ನು ನಾನು ಕೇಳಿಯೇ ಇರಲಿಲ್ಲ. ಮೊದಲು ಪ್ಲಗ್ಗು ಕಿತ್ತೆ, ಆಮೇಲೆ ಬೈಗುಳ, ಯಾರನ್ನು ಬೈಯಲಿ, ಮಾಡಿದವಳು ನಾನೇ, ಈ ಭೂಮಂಡಲದಲ್ಲಿ ಮೀನಿನ ತೊಟ್ಟಿಯ ನೀರು ಬದಲಿಸುವ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರು ಹುಟ್ಟಿಲ್ಲ, ಹುಟ್ಟಿದ್ದರೂ ಅವರಿಗೆ ಮೊದಲ ಸ್ನಾನ ಮಾಡಿಸಿದವಳು ನಾನೇ ಇರಬೇಕು, ಹೀಟರ್ ಆರಿಸು, ಆಮೇಲೆ ನೀರು ತೆಗೆ, ಇದು ಎಳೆಮಗುವಿಗೂ ಗೊತ್ತು, ಆದರೆ ಕಿಟಕಿಯಲ್ಲಿ ಅಂಚೆಯವಳು ನಿಂತು, ಅಜ್ಜೀ, ಆ ತ್ರಿವಳಿ ಮಕ್ಕಳ ಕಥೆ ಇನ್ನೊಂದ್ಸಲ ಹೇಳಿ ಅಂದಳಲ್ಲ, ಹೇಳದೆ ಇರುವುದು ಹೇಗೆ, ಮೂರು ಟಬ್ಬು, ಮೂರು ಕೂಸು, ಒಂದೇ ಮೊಣಕೈ — ಹೋದ ಸಲ ನಾಲ್ಕು ಕೂಸಿದ್ವಲ್ಲ ಅಜ್ಜಿ? — ನಾಲ್ಕನೆಯದು ಪಕ್ಕದ ಹಾಸಿಗೆಯದ್ದು ಕಣೇ, ಅದಕ್ಕೂ ಸ್ನಾನ ಮಾಡಿಸಿದೆ. ಅಷ್ಟು ಹೇಳುವಷ್ಟರಲ್ಲಿ ನೀರು ಇಳಿದು, ಹೀಟರ್ ಗಾಳಿಯಲ್ಲಿ ಒಣಗಿ ಕಾದು ಕೂತಿತ್ತು, ನಾನು ನಲ್ಲಿಯ ತಣ್ಣೀರನ್ನು ಬಕೆಟ್ಟುಗಟ್ಟಲೆ ಅದರ ತಲೆಯ ಮೇಲೇ ಸುರಿದೆ, ಬಿಸಿನೀರು ಬೆರೆಸುವುದೂ ಮರೆತೆ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು.

ಮುನ್ನೂರು ಕೋಯಿ ಮರಿ, ಕೊಳದಲ್ಲಿ ಸಾಕುವ ಬಣ್ಣದ ಮೀನು, ಮುನ್ನೂರಾ ಹನ್ನೊಂದು, ಎಣಿಸಿದ್ದೇನೆ, ಓಡಾಡುವ ಮೀನನ್ನು ಎಣಿಸುವ ಕಣ್ಣು ಎಷ್ಟು ಜನಕ್ಕಿದೆ ಹೇಳಿ, ಎರಡು ತಿಂಗಳ ಕೂಸುಗಳು, ಕಿರುಬೆರಳಿನಷ್ಟುದ್ದ, ಇವಕ್ಕೆ ಇಪ್ಪತ್ನಾಲ್ಕು ಡಿಗ್ರಿ ಬೇಕು, ಒಂದು ಆಚೆ ಈಚೆ ಆದರೆ ಹೊಟ್ಟೆಗೆ ಹಾಕಿಕೊಳ್ಳುತ್ತವೆ, ದಿಢೀರಂತ ಇಳಿದರೆ ಊಟ ಬಿಟ್ಟು ತಳ ಹಿಡಿಯುತ್ತವೆ, ಬಿಳಿ ಬೂಷ್ಟು ಬರುತ್ತದೆ, ಮೂರನೇ ದಿನಕ್ಕೆ ಹೊಟ್ಟೆ ಮೇಲೆ ಮಾಡಿ ತೇಲುತ್ತವೆ. ಗಡಿಯಾರದಲ್ಲಿ ಹತ್ತು. ಹನ್ನೊಂದಕ್ಕೆ ಅಳಿಯ ಬರುತ್ತಾನೆ, ಒಬ್ಬನೇ ಅಲ್ಲ, ಅವನ ಮೀನಂಗಡಿಯಿಂದ ಮರಿ ಕೊಳ್ಳುವ ಆ ದೊಡ್ಡ ಕೊಳದ ಯಜಮಾನನನ್ನೂ ಕರೆದುಕೊಂಡು, ನಾನು ಅವನಿಗೆ ಸಿಡುಕುಮೂತಿ ಅಂತ ಹೆಸರಿಟ್ಟಿದ್ದೇನೆ, ನಗು ಅಂದರೆ ಹಲ್ಲುನೋವು ಅಂದುಕೊಂಡಿರುವ ಮನುಷ್ಯ. ಅಳಿಯ ನಿನ್ನೆ ಊಟದ ಮೇಜಿನಲ್ಲಿ ನೆಲ ನೋಡಿಕೊಂಡು ಹೇಳಿದ, ಅತ್ತೆ, ಬೇಜಾರು ಮಾಡ್ಕೋಬೇಡಿ, ಅವ್ರಿಗೆ ಮರಿ ಸರಿ ಕಾಣ್ಲಿಲ್ಲ ಅಂದ್ರೆ ತೊಟ್ಟೀನ ಅಂಗಡಿಗೇ ಸಾಗಿಸ್ತೀನಿ, ಅಲ್ಲಿ ಎಲ್ಲ ತಾನೇ ನೋಡ್ಕೊಳ್ಳೋ ಮೆಷಿನ್ನಿದೆ, ನಿಮ್ಗೂ ರೆಸ್ಟು. ರೆಸ್ಟಂತೆ! ಅಳಿಯಂದಿರೇ, ರೆಸ್ಟು ತಗೊಳ್ಳೋರು ಮೊಣಕೈ ಮೇಜಿನ ಮೇಲಿಡ್ತಾರೆ, ನಾನು ನೀರಲ್ಲಿಡ್ತೀನಿ ಅಂದೆ, ಮಗಳು ನಕ್ಕಳು, ಅವನು ನಗಲಿಲ್ಲ, ಈ ತೊಟ್ಟಿ ಹೋದರೆ ಈ ಕೋಣೆಯಲ್ಲಿ ಉಳಿಯುವುದು ಒಂದು ಸ್ಟೂಲು, ಸ್ಟೂಲಿನ ಮೇಲೆ ನಾನು.

ಮೂವತ್ತೊಂದು ವರ್ಷ ಆಸ್ಪತ್ರೆಯ ಕೂಸುಗಳ ವಾರ್ಡಿನಲ್ಲಿ ನೀರಿನ ಬಿಸಿ ಅಳೆದ ಮೊಣಕೈ ಇದು, ಊರಿನ ಅರ್ಧ ಜನ ಇದು ಒಪ್ಪಿದ ನೀರಿನಲ್ಲೇ ಮೊದಲು ನೆಂದವರು, ಉಳಿದರ್ಧ ಜನ ಇವತ್ತಿಗೂ ಸರಿಯಾಗಿ ಸ್ನಾನ ಮಾಡಿಲ್ಲ, ಅಳಿಯನ ಕುಂಡಿಯನ್ನೂ ನಾನೇ ತೊಳೆದದ್ದು ಅಂತ ಮದುವೆಯ ದಿನ ಎಲ್ಲರೆದುರು ಹೇಳಿಬಿಟ್ಟೆ, ಅತ್ತೆ ನಾನು ಹುಟ್ಟಿದ್ದು ಬೇರೆ ಊರಲ್ಲಿ ಅಂದ, ಅಲ್ಲಿಗೂ ಬಂದಿದ್ದೆ ಅಂದೆ. ಅಂಥ ಮೊಣಕೈ, ಚಳಿಗಾಲ ಕಳೆಯುವ ಮುಂಚೆ ಬಚ್ಚಲಲ್ಲಿ ಜಾರಿ ಬಿದ್ದು ಮೂಳೆ ಮುರಿದು, ಆರು ವಾರ ಪ್ಲಾಸ್ಟರಿನಲ್ಲಿ ಮಲಗಿ ಎದ್ದದ್ದೇ — ಕಲ್ಲು. ಬರೀ ಕಲ್ಲು. ಕುದಿನೀರಿಗೂ ಐಸಿಗೂ ಒಂದೇ ಮುಖ. ಎಡಗೈಯದ್ದು ಇದೆ, ಅದು ಹುಟ್ಟಾ ದಡ್ಡ, ಬಿಸಿ, ತಣ್ಣಗೆ, ಎರಡೇ ಅಕ್ಷರ ಕಲಿತದ್ದು. ಯಾರಿಗೂ ಹೇಳಲಿಲ್ಲ. ಹೇಳುವುದೇನು, ಅಳಿಯ ಗೋಡೆಗೆ ಮೀಟರು ಹಾಕಿದ್ದ, ಕೆಂಪು ಅಂಕಿಯದ್ದು, ನಾನು ಅದಕ್ಕೆ ಬೆನ್ನು ಹಾಕಿ ಕೂತು, ಎದುರಿಗೆ ಸ್ಟೀಲಿನ ಕೆಟಲ್ ಇಟ್ಟುಕೊಂಡೆ, ಅದರ ಹೊಟ್ಟೆಯಲ್ಲಿ ಮೀಟರಿನ ಅಂಕಿ ಎಡಬಲವಾಗಿ ಮೂಡುತ್ತದೆ, ಆ ಕಡ್ಡಿ ಅಂಕಿಗಳಲ್ಲಿ ಎರಡು ತಿರುಗಿದರೆ ಐದಾಗುತ್ತದೆ, ನಾಲ್ಕು ಕುರ್ಚಿಯಾಗುತ್ತದೆ, ಕುರ್ಚಿ-ಐದು ಕಂಡರೆ ಇಪ್ಪತ್ನಾಲ್ಕು, ಎರಡೇ ದಿನದಲ್ಲಿ ಕಲಿತೆ, ಮೊಣಕೈ ಅದ್ದಿ, ಕಣ್ಣು ಅರೆಮುಚ್ಚಿ, ಹ್ಞೂಂ, ಇಪ್ಪತ್ನಾಲ್ಕಕ್ಕೆ ಒಂದು ಕೂದಲು ಕಮ್ಮಿ ಅನ್ನುತ್ತಿದ್ದೆ, ಅಳಿಯ ಮೀಟರು ನೋಡಿ ಮೂಗಿನ ಮೇಲೆ ಬೆರಳಿಡುತ್ತಿದ್ದ, ಬೀದಿಯವರನ್ನೆಲ್ಲ ಕರೆದು ತೋರಿಸಿದ, ಸಿಡುಕುಮೂತಿಗೂ ಹೇಳಿದ್ದಾನೆ, ನಮ್ಮತ್ತೆ ಮೊಣಕೈ ನೋಡೋಕಾದ್ರೂ ಬನ್ನಿ ಸಾರ್ ಅಂತ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಕುಡಿದೆ, ರುಚಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಜ್ವರ ಅಳೆಯುವ ಕಡ್ಡಿ ಇದೆ, ಅದು ಶುರುವಾಗುವುದೇ ಮೂವತ್ತೈದರಿಂದ, ಈ ಮನೆಯಲ್ಲಿ ಮನುಷ್ಯರಿಗೆ ಮಾತ್ರ ಕಾಯಿಲೆ ಬರಬೇಕು ಅಂತ ಕಾನೂನು. ಮಗಳು ಬಾಗಿಲಲ್ಲಿ ನಿಂತಿದ್ದಾಳೆ, ಅಮ್ಮಾ ಫ್ಯೂಸ್ ಹಾಕಿದ್ರೂ ನಿಲ್ತಿಲ್ಲ, ಏನ್ ಮಾಡ್ದೆ, ನಾನೇನು ಮಾಡ್ದೆ, ಹೀಟರ್ರಿಗೆ ವಯಸ್ಸಾಗಿತ್ತು, ನಿನ್ ಗಂಡಂಗೆ ಫೋನ್ ಮಾಡು, ಬರ್ತಾ ಹೊಸದೊಂದು ತರ್ಲಿ, ಗ್ಯಾಸ್ ಹಚ್ಚು, ಆ ಕೆಟಲ್ ತಗೊಂಡ್ ಹೋಗಿ ನೀರು ಕಾಯ್ಸು, ಖಾಲಿ ಬಾಟ್ಲಿ ಎಷ್ಟಿವೆ ಎಲ್ಲಾ ತಗೊಂಡ್ ಬಾ. ಬಿಸಿನೀರನ್ನು ಹಾಗೇ ತೊಟ್ಟಿಗೆ ಸುರಿಯಬಾರದು, ಮರಿಗಳು ಬೆಂದುಹೋಗುತ್ತವೆ, ಬಾಟಲಿಯಲ್ಲಿ ತುಂಬಿ ಬಿರಡೆ ಬಿಗಿದು ತೇಲಿಬಿಡಬೇಕು, ಅರ್ಧ ಗಂಟೆಗೆ ಒಂದು ಡಿಗ್ರಿ, ಅದಕ್ಕಿಂತ ಅವಸರ ಮಾಡಿದರೆ ತಣ್ಣಗಿದ್ದದ್ದಕ್ಕಿಂತ ಕೇಡು. ಮಗಳು ಕೆಟಲ್ ಎತ್ತಿಕೊಂಡಳು, ಎರಡು ಹೆಜ್ಜೆ ಹೋಗಿ ತಿರುಗಿದಳು, ಅದನ್ನು ಸೆರಗಿನಿಂದ ಒರೆಸುತ್ತಾ, ಅಮ್ಮ, ಇದನ್ ತಗೊಂಡ್ ಹೋದ್ರೆ ನೀನ್ ಹೇಗ್ ನೋಡ್ತೀಯಾ ಅಂದಳು, ಮೆಲ್ಲಗೆ — ಏನ್ ನೋಡೋದು? — ಏನಿಲ್ಲಮ್ಮ, ದಿನಾ ಹುಣಿಸೆಹಣ್ಣು ಹಾಕಿ ಉಜ್ಜಿ ಇಡ್ತಿದ್ದೆ, ಚೆನ್ನಾಗ್ ಕಾಣ್ಲಿ ಅಂತ.

ಹೋದಳು. ಅಯ್ಯೋ ಕಳ್ಳಿ, ಯಾರ ಮಗಳು ಅಂತ ಕೇಳಬೇಕೆ, ಅದಕ್ಕೇ ಕೆಟಲಿನ ಮೈ ದಿನದಿಂದ ದಿನಕ್ಕೆ ಅಷ್ಟು ಹೊಳೆಯುತ್ತಿತ್ತು, ನಾನು ನನ್ನ ಕಣ್ಣಿನ ಪವರು ಅಂದುಕೊಂಡಿದ್ದೆ.

ಬಾಟಲಿ ಏಳು, ನನ್ನ ವಾರ್ಡಿನ ಹಳೇ ಬಿಸಿನೀರಿನ ರಬ್ಬರ್ ಚೀಲ ಒಂದು, ಎಲ್ಲ ತೇಲುತ್ತಿವೆ, ಪಂಪಿಲ್ಲವಲ್ಲ, ಮಗಳು ಚೊಂಬಿನಲ್ಲಿ ನೀರೆತ್ತಿ ಮೇಲಿಂದ ಸುರಿಯುತ್ತಿದ್ದಾಳೆ, ಗಾಳಿಯೂ ಸೇರಲಿ, ಬಿಸಿಯೂ ಬೆರೆಯಲಿ ಅಂತ, ಸುರಿ, ಇನ್ನೂ ಮೇಲಿಂದ, ಎಷ್ಟಾಗಿದೆ ಅಮ್ಮ, ತಡಿ. ಮರಿಗಳೆಲ್ಲ ತಳದ ಮೂಲೆಯಲ್ಲಿ ಒಂದರ ಮೇಲೊಂದು, ರೆಕ್ಕೆ ಮೈಗಂಟಿಸಿ, ಶಾಲೆಯಲ್ಲಿ ಬೈಸಿಕೊಂಡವರ ಹಾಗೆ, ಅವುಗಳ ನಡುವೆ ನನ್ನ ಕೆಂಪುನೆತ್ತಿ, ಮೈಯೆಲ್ಲ ಬಿಳಿ, ನೆತ್ತಿಯ ಮೇಲೆ ಮಾತ್ರ ಒಂದು ಕೆಂಪು ಗುಂಡು, ಯಾರೋ ತುಟಿಗೆ ಬಣ್ಣ ಬಳಿದುಕೊಂಡು ಮುತ್ತಿಟ್ಟ ಹಾಗೆ, ಮುನ್ನೂರರಲ್ಲಿ ಒಂದು, ಅಲ್ಲ, ಮೂರು ಲಕ್ಷದಲ್ಲಿ ಒಂದು, ಅದರ ಪಕ್ಕದ ರೆಕ್ಕೆಗಳೂ ಮಡಚಿವೆ, ಬಿಗಿಯಾಗಿ, ಎರಡು ಮುಷ್ಟಿ. ಈ ಮುಷ್ಟಿಯನ್ನು ನಾನು ಎಲ್ಲೋ ಕಂಡಿದ್ದೇನೆ — ಕಾಲಿನ ಬೆರಳು, ಬಟಾಣಿ ಕಾಳಿನಂಥ ಬೆರಳು, ಮಗಳದ್ದು, ಏಳೇ ತಿಂಗಳಿಗೆ ಅವಸರ ಮಾಡಿಕೊಂಡು ಬಂದವಳು, ಗಾಜಿನ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಮಲಗಿದ್ದು ಮೊದಲ ಸ್ನಾನಕ್ಕೆ ಬಂದಳು, ನನ್ನ ವಾರ್ಡು, ನನ್ನ ಟಬ್ಬು, ನನ್ನ ಕೂಸು, ಮೂವತ್ತೇಳು ಅಂದಿತು ಗಾಜಿನ ಕಡ್ಡಿ, ಮೂವತ್ತೇಳು ಅಂದಿತು ನನ್ನ ಮೊಣಕೈ, ಡಾಕ್ಟರೂ ಮೂವತ್ತೇಳು ಅಂದರು, ಕೂಸು ಮಾತ್ರ ಕಾಲ್ಬೆರಳು ಮಡಚಿಕೊಂಡು ನೀಲಿಯಾಗುತ್ತಿದೆ, ನಾನು ಅರ್ಧ ಮಗ್ಗು ಬಿಸಿನೀರು ಬೆರೆಸಿದೆ, ಏನ್ರಮ್ಮಾ, ಕಡ್ಡಿ ಸರಿಯಾಗೇ ಇದೆಯಲ್ಲ ಅಂದರು ಡಾಕ್ಟರು, ಕಡ್ಡಿ ಸರಿಯಾಗಿದೆ ಸಾರ್, ಕೂಸು ಒಪ್ತಿಲ್ಲ ಅಂದೆ, ಇನ್ನೊಂದು ಅರ್ಧ ಮಗ್ಗು, ಆಗ ಕಿರುಬೆರಳು ಮೊದಲು, ಆಮೇಲೆ ಅದರ ಪಕ್ಕದ್ದು, ಒಂದೊಂದೇ ಬಿಚ್ಚಿಕೊಂಡು, ಬೀಸಣಿಗೆ. ಅವತ್ತು ನಾನು ನೋಡುತ್ತಿದ್ದದ್ದು ಮೊಣಕೈಯನ್ನೇ? ಮೂವತ್ತೊಂದು ವರ್ಷ ಮೊಣಕೈ ಅದ್ದಿದ್ದು ನಿಜ, ಅದು ಜನಕ್ಕೆ, ಕಣ್ಣು ಯಾವಾಗಲೂ ಕೂಸಿನ ಕಾಲ ಮೇಲೇ ಇರುತ್ತಿತ್ತಲ್ಲ, ಹಾಗಾದರೆ ಇಷ್ಟು ದಿನ ಕೆಟಲಿನಲ್ಲಿ ಅಂಕಿ ನೋಡಿ ನೋಡಿ ಕಣ್ಣು ಅಲ್ಲಿಂದ ಎಲ್ಲಿಗೆ ಹೋಗುತ್ತಿತ್ತು, ಕೆಂಪುನೆತ್ತಿಗೆ, ಕುರ್ಚಿ-ಐದು ಅಂತ ಓದಿ ಅದರ ರೆಕ್ಕೆ ನೋಡುತ್ತಿದ್ದೆ, ತಣ್ಣಗಿದ್ದ ಬೆಳಗ್ಗೆ ಇಪ್ಪತ್ತೊಂದು, ರೆಕ್ಕೆ ಮೈಗೆ ಅಂಟು, ಇಪ್ಪತ್ತೆರಡಕ್ಕೆ ತುದಿ ಮಾತ್ರ ಅಲುಗು, ಇಪ್ಪತ್ಮೂರಕ್ಕೆ ಒಂದು ಕಡೆ ಬಿಚ್ಚು, ಇನ್ನೊಂದು ಕಡೆ ಸುಮ್ಮನೆ, ಇಪ್ಪತ್ನಾಲ್ಕಕ್ಕೆ ಎರಡೂ — ಗೊತ್ತಿಲ್ಲದೇ ಕಲಿತಿದ್ದೇನೆ, ನೋಡು, ಕಳ್ಳತನ ಮಾಡುವಾಗಲೂ ವಿದ್ಯೆ ಹತ್ತಿಸಿಕೊಳ್ಳುವ ತಲೆ ಇದು, ಇಂಥ ತಲೆ ಇನ್ನೊಂದಿದ್ದರೆ ತೋರಿಸಲಿ.

ಬಾಟಲಿ ಬದಲಿಸು, ಎರಡು ಮಾತ್ರ, ಅವಸರ ಬೇಡ. ತುದಿ ಅಲುಗಿತು. ಅಲುಗಿತಾ, ಅಥವಾ ಚೊಂಬಿನ ನೀರಿಗೆ ಅಲುಗಿದ್ದಾ, ಸುರಿಬೇಡ, ನಿಲ್ಲು, ಉಸಿರು ಬಿಡಬೇಡ ಅಂದೆ, ಮಗಳು ನಿಜವಾಗಿಯೂ ಉಸಿರು ಹಿಡಿದಳು — ಅಲುಗಿತು, ತಾನಾಗಿಯೇ. ಹತ್ತೂವರೆ. ಇನ್ನೆರಡು ಬಾಟಲಿ ಬದಲಿಸಿ ಕಾಯುವಷ್ಟರಲ್ಲಿ ಮೂಲೆಯ ರಾಶಿ ಸಡಿಲವಾಗಿದೆ, ಒಂದೆರಡು ಪುಂಡರು ಆಗಲೇ ಚೀಲದ ಹತ್ತಿರ ಬಂದು ಮೂತಿ ತಾಗಿಸುತ್ತಿದ್ದಾರೆ, ಹೊರಗೆ ಗಾಡಿ ನಿಂತ ಸದ್ದು, ಇನ್ನೂ ಹನ್ನೊಂದಾಗಿಲ್ಲವಲ್ಲ, ಐದು ನಿಮಿಷ ಇದೆ, ನಗದವರಿಗೆ ಅವಸರ ಜಾಸ್ತಿ. ಅಳಿಯ ಹೊಸ ಹೀಟರಿನ ಡಬ್ಬಿ ಕಂಕುಳಲ್ಲಿಟ್ಟುಕೊಂಡು, ಬಾಟಲಿಗಳನ್ನು ನೋಡಿ ಬಿಳಿಚಿಕೊಂಡ, ಅತ್ತೆ ಇದೇನಿದು, ಸಿಡುಕುಮೂತಿ ಬಗ್ಗಿದ, ನೋಡಿದ, ಮುನ್ನೂರನ್ನೂ ನೋಡಿದ, ಎಷ್ಟಿದೆಯಮ್ಮ ನೀರು ಅಂದ, ಅಂದವನೇ ಜೇಬಿನಿಂದ ಗಾಜಿನ ಕಡ್ಡಿ ತೆಗೆದು ಕೈಯಲ್ಲಿ ಹಿಡಿದುಕೊಂಡ, ಇನ್ನೂ ಅದ್ದಲಿಲ್ಲ, ನನಗೆ ಕಾಯುತ್ತಿದ್ದಾನೆ. ತೋಳು ಮಡಚಿದೆ, ಮೊಣಕೈ ಅದ್ದಿದೆ, ಕಲ್ಲು, ಇರಲಿ, ಅದು ಜನಕ್ಕೆ. ಇಪ್ಪತ್ನಾಲ್ಕು ಅನ್ನು, ಇಪ್ಪತ್ನಾಲ್ಕು ಇರಬೇಕಾದದ್ದು, ಅಳಿಯ ಕೇಳಬೇಕೆಂದಿರುವುದೂ ಅದೇ, ಮೂರು ಕೂಸನ್ನು ನಾಲ್ಕು ಮಾಡಿದ ಬಾಯಿಗೆ ಒಂದು ಡಿಗ್ರಿ ಯಾವ ಲೆಕ್ಕ — ಕೆಂಪುನೆತ್ತಿ ನಡುನೀರಿಗೆ ಏರಿದೆ, ಒಂದು ರೆಕ್ಕೆ ಬಿಚ್ಚಿದೆ, ಇನ್ನೊಂದು ಸುಮ್ಮನೆ. ಇಪ್ಪತ್ಮೂರು ಅಂದೆ. ಒಂದು ಕಡಿಮೆ. ಹುಟ್ಟಿದಾಗಿನಿಂದ ಮೊದಲ ಸಲ ಒಂದು ಕಡಿಮೆ ಹೇಳಿದ್ದೇನೆ, ಮಗಳ ಕೈಯ ಚೊಂಬು ಕಿಣಿ ಅಂತ ತೊಟ್ಟಿಯ ಅಂಚಿಗೆ ತಾಗಿತು.

ಕಡ್ಡಿ ನೀರಿಗಿಳಿಯಿತು. ಸಿಡುಕುಮೂತಿ ಎಣಿಸುತ್ತಿದ್ದಾನೆ, ತುಟಿ ಅಲ್ಲಾಡುತ್ತಿದೆ, ಅಳಿಯ ಅವನ ತುಟಿ ನೋಡುತ್ತಿದ್ದಾನೆ, ಮಗಳು ನನ್ನನ್ನು ನೋಡುತ್ತಿದ್ದಾಳೆ, ಕಡ್ಡಿ ಮೇಲೆ ಬಂತು, ಬೆಳಕಿಗೆ ಹಿಡಿದ, ಓದಿದ, ಕರವಸ್ತ್ರದಿಂದ ಒರೆಸಿದ, ಜೇಬಿಗಿಟ್ಟ. ಅಂಕಿ ಹೇಳಲಿಲ್ಲ. ಫ್ಯೂಸ್ ಸರಿಮಾಡಿ ಹೀಟರ್ ಹಾಕಪ್ಪ ಅಂದ ಅಳಿಯನಿಗೆ, ತೊಟ್ಟಿ ಇಲ್ಲೇ ಇರ್ಲಿ, ಆಮೇಲೆ ನನ್ನ ಕಡೆ ತಿರುಗಿ, ಅವನ ಹಲ್ಲು — ಅಯ್ಯೋ, ಹಲ್ಲಿದೆ ಇವನಿಗೆ! — ಹಾಗಾದ್ರೆ ಅಮ್ಮಾ, ಇನ್ನೊಂದು ಡಿಗ್ರಿ ಯಾವಾಗ ಬರುತ್ತೆ? ಅದೇನು ಅಂಚೆಯಾ ಯಜಮಾನರೇ, ಟೈಮಿಗೆ ಬರೋಕೆ ಅನ್ನಬೇಕೆಂದುಕೊಂಡೆ, ನಾಳೆ ಅಂಚೆಯವಳಿಗೆ ಇದನ್ನೆಲ್ಲ ಹೇಳಬೇಕು, ಬಾಟಲಿ ಎಪ್ಪತ್ತಿದ್ದವು ಅನ್ನಬೇಕು, ಫ್ಯೂಸು ಊರಿಗೆಲ್ಲ ಹೋಗಿತ್ತು ಅನ್ನಬೇಕು, ಮಾತು ಬಾಯಿತನಕ ಬಂದು ಅಲ್ಲೇ ನಿಂತಿತು, ಕೆಂಪುನೆತ್ತಿ ನನ್ನ ಕಲ್ಲಿನ ಮೊಣಕೈಯ ಪಕ್ಕಕ್ಕೇ ಬಂದಿದೆ, ತಾಗಿತೋ ಇಲ್ಲವೋ ನನಗೆ ತಿಳಿಯುವುದಿಲ್ಲ, ಕಾಣುವುದಷ್ಟೇ, ಒಂದು ರೆಕ್ಕೆ ಬಿಚ್ಚಿದೆ, ಇನ್ನೊಂದರ ತುದಿ ಅಲುಗುತ್ತಿದೆ, ಮೊದಲು ತುದಿ, ಆಮೇಲೆ ನಡು, ಒಂದೊಂದೇ ಎಳೆ, ಬಟಾಣಿ ಕಾಳಿನಂಥ ಬೆರಳು, ಕಿರುಬೆರಳು ಮೊದಲು, ಅದರ ಪಕ್ಕದ್ದು, ಅದರ ಪಕ್ಕದ್ದು, ಬೀಸಣಿಗೆ